ಹಣ್ಣು ಬೇರೆ, ಹಣ್ಣಿನ ಚಿತ್ರ ಬೇರೆ

ಹಣ್ಣು ಬೇರೆ, ಹಣ್ಣಿನ ಚಿತ್ರ ಬೇರೆ. ಇಷ್ಟು ಸಣ್ಣ ಸಂಗತಿಯನ್ನು ಹೇಳಲು ಒಂದು ಲೇಖನ ಬೇಕೆ ಎಂದು ಓದುಗರು ನಗಬಹುದು. ರಾಜಧಾನಿಯ ನಮ್ಮ ಕನ್ನಡ ಮನೆಗಳಲ್ಲಿ, ಕೂಟಗಳಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಬೇಕು ಎಂದೇ ನಮಗೆ ತೋರುತ್ತದೆ. ಮಕ್ಕಳ ಕಾರ್ಯಕ್ರಮ ಎಂದರೆ ಕರಿದ ಆಲೂಗಡ್ಡೆಯ ಒಂದು ಪೊಟ್ಟಣ, ಮಾವಿನ ಹಣ್ಣಿನ ಚಿತ್ರ ಅಚ್ಚಾದ ಒಂದು ಕಾಗದದ ಡಬ್ಬಿ ಎಂಬುದು ಈಗ ಲಿಖಿತವಲ್ಲದ ನಿಯಮವಾಗಿದೆ. "ಹೋಗಲಿ ಬಿಡಿ, ಸೋಡಾ ಕುಡಿಯುವುದಕ್ಕಿಂತ ಮೇಲು, ಹಣ್ಣಿನ ರಸ ತಾನೆ!" ಎಂದು ಹಿರಿಯರು ಸಮಾಧಾನ ಹೇಳಿಕೊಳ್ಳುತ್ತಾರೆ. ಜನಕಪುರಿಯಲ್ಲಿ ನೆಲೆಸಿರುವ ನಾವು ಕೆಲವು ಸಂಸಾರದವರು ಸೇರಿ ಈ ಸಮಾಧಾನವನ್ನೇ ಪ್ರಶ್ನಿಸಲು ಹೊರಟಿದ್ದೇವೆ. ನಮ್ಮ ಮಾತು ಖಾರವೆನಿಸಿದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಉತ್ತರ ಬರೆಯಲಿ.

ಮೊದಲು ಡಬ್ಬಿಯ ಲೆಕ್ಕ ನೋಡೋಣ. ನಮ್ಮ ದೇಶದ ಆಹಾರ ನಿಯಮಗಳ ಪ್ರಕಾರ "ಹಣ್ಣಿನ ಪಾನೀಯ" ಎನಿಸಿಕೊಳ್ಳಲು ಅದರಲ್ಲಿ ನೂರಕ್ಕೆ 10 ಭಾಗ ಹಣ್ಣಿದ್ದರೆ ಸಾಕು. ನಿಂಬೆಯದಾದರೆ 5 ಭಾಗವೇ ಸಾಕು. 200 ಮಿಲಿಲೀಟರಿನ ಡಬ್ಬಿಯಲ್ಲಿ ಹತ್ತು ಭಾಗ ಎಂದರೆ 20 ಮಿಲಿಲೀಟರು, ಅಂದರೆ ನಾಲ್ಕು ಚಹಾ ಚಮಚ. ಮಿಕ್ಕದ್ದು ನೀರು, ಸಕ್ಕರೆ, ಹುಳಿ, ಬಣ್ಣ, ವಾಸನೆ. ಡಬ್ಬಿಯ ಹಿಂಬದಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಸಕ್ಕರೆಯ ಪ್ರಮಾಣ ಅಚ್ಚಾಗಿರುತ್ತದೆ. ಕನ್ನಡಕ ಹಾಕಿಕೊಂಡು ಓದಬೇಕು. 100 ಮಿಲಿಲೀಟರಿಗೆ 12 ಗ್ರಾಂ ಎಂದಿದ್ದರೆ ಡಬ್ಬಿಗೆ 24 ಗ್ರಾಂ ಆಯಿತು, ಹೆಚ್ಚುಕಡಿಮೆ ಐದು ಚಮಚ. ಮನೆಯಲ್ಲಿ ಒಂದು ಲೋಟ ಹಾಲಿಗೆ ಐದು ಚಮಚ ಸಕ್ಕರೆ ಹಾಕುವ ತಾಯಿಯನ್ನು ಅತ್ತೆ ಸುಮ್ಮನೆ ಬಿಡುವರೆ? ಅದೇ ಅತ್ತೆ ಮೊಮ್ಮಗನಿಗೆ ಡಬ್ಬಿಯನ್ನು ತಾವೇ ಕೊಂಡು ಕೊಡುತ್ತಾರೆ, ಏಕೆಂದರೆ ಅದರ ಮೇಲೆ ಮಾವಿನ ಹಣ್ಣು ಇದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತು. ಹೊರಗಿನಿಂದ ಬೆರೆಸಿದ ಸಕ್ಕರೆ, ಜೇನು, ಪಾಕ ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆ, ಇವೆಲ್ಲ ಸೇರಿ ದಿನದ ಶಕ್ತಿಯ ನೂರಕ್ಕೆ ಹತ್ತು ಭಾಗವನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ಅದರ ಸಾರ. ಒಂದು ಮಗುವಿಗೆ ದಿನಕ್ಕೆ 1500 ಕ್ಯಾಲರಿ ಎಂದಿಟ್ಟುಕೊಂಡರೆ ಐದು ಭಾಗ ಎಂದರೆ ಸುಮಾರು 19 ಗ್ರಾಂ. ನಾವು ಮೇಲೆ ಲೆಕ್ಕ ಹಾಕಿದ ಒಂದೇ ಡಬ್ಬಿ ಅದನ್ನು ದಾಟಿಬಿಡುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಇಡಿಯ ಹಣ್ಣಿನಲ್ಲಿರುವ ಸಕ್ಕರೆಯನ್ನು ಆ ಸಂಸ್ಥೆ ಈ ಲೆಕ್ಕಕ್ಕೆ ಸೇರಿಸಿಲ್ಲ. ಹಣ್ಣನ್ನು ಅಗಿದು ತಿನ್ನಬೇಕು. ನಾರು ಹೊಟ್ಟೆ ತುಂಬಿಸುತ್ತದೆ. ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೂರು ಕಿತ್ತಳೆ ಹಣ್ಣುಗಳನ್ನು ಕೂತು ತಿನ್ನುವ ಮಗು ಅಪರೂಪ. ಮೂರು ಕಿತ್ತಳೆಯ ರಸವನ್ನು ಗಟಗಟನೆ ಕುಡಿಯದ ಮಗು ಇನ್ನೂ ಅಪರೂಪ. ಒಂದು ವರ್ಷ ತುಂಬದ ಕೂಸಿಗೆ ಹಣ್ಣಿನ ರಸವೇ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದೂ ಈ ಕಾರಣಕ್ಕೇ.

ಸರಕಾರ ಕಣ್ಣು ಮುಚ್ಚಿ ಕುಳಿತಿದೆ ಎಂದೂ ಹೇಳುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಶಾಲೆಯ ಗೇಟಿನಿಂದ 50 ಮೀಟರಿನೊಳಗಾಗಲಿ ಮಾರಕೂಡದು. 2024ರ ಜೂನ್ ತಿಂಗಳಲ್ಲಿ, ಡಬ್ಬಿಗಳ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಎಂದು ಹಾಕಿಕೊಳ್ಳುವುದನ್ನು ನಿಲ್ಲಿಸಿ ಎಂದು ಅದೇ ಪ್ರಾಧಿಕಾರ ತಯಾರಕರಿಗೆ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಲ್ಲೆಲ್ಲ ಸಕ್ಕರೆಯ ಬಗ್ಗೆ ತಿಳಿಸುವ ಫಲಕಗಳನ್ನು ಹಾಕುವಂತೆ ಹೇಳಿತು. ದೂರದ ಚಿಲಿ ದೇಶವಂತೂ 2016ರಿಂದ ಇಂಥ ಪೊಟ್ಟಣಗಳ ಮುಂಬದಿಯಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸುತ್ತಿದೆ. ಇಷ್ಟೆಲ್ಲ ಸರಿಯೆ. ಗೇಟಿನಿಂದ 50 ಮೀಟರಿನವರೆಗೆ ಕಾನೂನು ಕಾಯುತ್ತದೆ. ಐವತ್ತೊಂದನೆಯ ಮೀಟರಿನಲ್ಲಿ ಇರುವುದು ನಮ್ಮ ಮನೆ, ನಮ್ಮ ಸಂಘ. ಅಲ್ಲಿ ಕಾಯುವವರು ಯಾರು?

ಇಷ್ಟು ಹೇಳಿದೊಡನೆ ನಾಲ್ಕು ಆಕ್ಷೇಪಣೆಗಳು ಬರುತ್ತವೆಂಬುದನ್ನು ನಾವು ಬಲ್ಲೆವು. ಒಂದೊಂದಾಗಿ ನೋಡೋಣ.

ಮೊದಲನೆಯದು, "ಪುರಸೊತ್ತಿಲ್ಲ". ಗಂಡಹೆಂಡಿರಿಬ್ಬರೂ ಮೆಟ್ರೋ ಹಿಡಿದು ಕಚೇರಿಗೆ ಓಡುವ ಊರಿದು. ಬೆಳಗಿನ ಆರೂವರೆಗೆ ಶಾಲೆಯ ಬಸ್ಸು ಬರುವ ಮನೆಯಲ್ಲಿ ಹಣ್ಣಿನ ಹಲ್ವ ಕಾಸಿ ಎಂದು ಹೇಳುವಷ್ಟು ನಾವು ಅವಿವೇಕಿಗಳಲ್ಲ. ಆದರೆ ಬಾಳೆಹಣ್ಣಿಗೆ ಯಾವ ತಯಾರಿ ಬೇಕು? ದೇವರೇ ಅದಕ್ಕೆ ಪೊಟ್ಟಣ ಕಟ್ಟಿ ಕಳಿಸಿದ್ದಾನೆ. ಕೀನೂ ಸುಲಿದು ತೊಳೆ ಬಿಡಿಸಲು ಎರಡು ನಿಮಿಷ. ಸೇಬು ಹೆಚ್ಚಿ, ಕಪ್ಪಾಗದಂತೆ ನಿಂಬೆರಸ ಹಿಂಡಿದ ನೀರಿನಲ್ಲಿ ಅದ್ದಿ ತೆಗೆಯಲು ಮೂರು ನಿಮಿಷ. ಇನ್ನು "ಪುರಸೊತ್ತಿಲ್ಲ" ಎಂಬ ಮಾತಿನ ಹಿಂದೆ ಯಾರ ಪುರಸೊತ್ತು ಎಂಬ ಪ್ರಶ್ನೆಯೂ ಇದೆ. ಮಗುವಿನ ತಿಂಡಿ ಎಂದರೆ ತಾಯಿಯ ಖಾತೆ ಎಂದು ಬರೆದಿಟ್ಟವರಾರು? ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುವ ನಮ್ಮ ಗಂಡಸರಿಗೆ ಒಂದು ಸೀಬೆಹಣ್ಣು ಹೆಚ್ಚಲು ಬಾರದೆ? ತಾಯಂದಿರ ಮೇಲೆ ಇನ್ನೊಂದು ಹೊರೆ ಹೇರಲು ಈ ಲೇಖನವನ್ನು ಯಾರೂ ಬಳಸಿಕೊಳ್ಳಬಾರದು.

ಎರಡನೆಯದು, "ಹಣ್ಣು ತುಟ್ಟಿ". ಅಂಗಡಿಯಲ್ಲಿ ಬಣ್ಣದ ಚೀಟಿ ಅಂಟಿಸಿಕೊಂಡು ಕುಳಿತ ಪರದೇಶದ ಸೇಬು, ಕೀವಿ ಹಣ್ಣುಗಳನ್ನು ನೋಡಿ ಈ ಮಾತು ಹೇಳುವುದಾದರೆ ನಾವೂ ಒಪ್ಪುತ್ತೇವೆ. ಆದರೆ ಆಯಾ ಕಾಲದ ಹಣ್ಣಿನ ಕತೆ ಬೇರೆ. ಕೇಶೋಪುರದ ಮಂಡಿ ನಮಗೆ ದೂರವೇನಲ್ಲ. 1988ರಿಂದ ನಡೆದುಬಂದಿರುವ ಸಫಲ್ ಮಳಿಗೆಗಳಿವೆ, ವಾರದ ಸಂತೆಗಳಿವೆ, ಬಾಗಿಲಿಗೇ ಬರುವ ತಳ್ಳುಗಾಡಿಯವನಿದ್ದಾನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ 2000 ಕ್ಯಾಲರಿಯ ದಿನದೂಟದಲ್ಲಿ 100 ಗ್ರಾಂ ಹಣ್ಣಿರಲಿ ಎನ್ನುತ್ತದೆ. ಒಂದು ಮಧ್ಯಮ ಗಾತ್ರದ ಸೀಬೆಹಣ್ಣು ಅಥವಾ ಬಾಳೆಹಣ್ಣು ತಿಂದರೆ ಅಷ್ಟಾಯಿತು. ಅಷ್ಟೇ ಹಣ್ಣು ಹತ್ತು ಭಾಗದ ಡಬ್ಬಿಗಳಿಂದ ಬರಬೇಕಾದರೆ ಐದು ಡಬ್ಬಿ ಕುಡಿಯಬೇಕು, ಜೊತೆಗೆ 120 ಗ್ರಾಂ ಸಕ್ಕರೆ ನುಂಗಬೇಕು. ಹೀಗೆ ಲೆಕ್ಕ ಹಾಕಿ ನೋಡಿದ ಮೇಲೆ ಯಾವುದು ತುಟ್ಟಿ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಮೂರನೆಯದು, "ಗಾಡಿಯ ಹಣ್ಣಿಗೆ ಕಾರ್ಬೈಡು ಹಾಕಿರುತ್ತಾರೆ". ಭಯ ನಿರಾಧಾರವಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದು ನಿಯಮಬಾಹಿರ. ಆದರೂ ಕಳ್ಳತನದಲ್ಲಿ ನಡೆಯುತ್ತದೆ. ಅದಕ್ಕೆ ಉಪಾಯ ಹಣ್ಣನ್ನೇ ಬಿಡುವುದಲ್ಲ. ಕಾಲಕ್ಕೆ ಮುಂಚೆ ಬರುವ ಮಾವನ್ನು ಕೊಳ್ಳದಿರುವುದು, ಬಲಿತ ಕಾಯಿಯನ್ನು ತಂದು ಮನೆಯಲ್ಲೇ ಕಾಗದದಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿಟ್ಟು ಮಾಗಿಸುವುದು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಇಷ್ಟು ಮಾಡಬಹುದು. ಅಜ್ಜಿಯರು ಹುಲ್ಲಿನಲ್ಲಿ ಹಣ್ಣು ಹಾಕುತ್ತಿದ್ದುದೂ ಇದೇ ವಿದ್ಯೆ. ಗಾಡಿಯ ಹಣ್ಣನ್ನು ಅನುಮಾನಿಸುವವರು ಡಬ್ಬಿಯೊಳಗಿನ ಹಣ್ಣು ಯಾವ ಗಾಡಿಯಿಂದ ಬಂತು ಎಂದು ಒಮ್ಮೆಯಾದರೂ ಕೇಳಿದ್ದುಂಟೆ?

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು: "ನಮ್ಮ ಮಗು ಹಣ್ಣು ಮುಟ್ಟುವುದಿಲ್ಲ". ಹುಟ್ಟುತ್ತಲೇ ಹಣ್ಣನ್ನು ದ್ವೇಷಿಸುವ ಮಗುವನ್ನು ನಾವಂತೂ ಕಂಡಿಲ್ಲ. ಡಬ್ಬಿಯ ಸಿಹಿಗೆ ನಾಲಿಗೆ ಒಗ್ಗಿದ ಮೇಲೆ ಸೇಬು ಸಪ್ಪೆ, ಕಿತ್ತಳೆ ಹುಳಿ, ನೇರಳೆ ಒಗರು. ಮಗುವಿಗೆ ಉಪದೇಶ ಮಾಡಿ ಫಲವಿಲ್ಲ. ಹಿರಿಯರು ಎದುರಿಗೆ ಕೂತು ತಿನ್ನಬೇಕು. ಮಗುವಿನ ಕೈಗೆ ಕೆಲಸ ಕೊಡಬೇಕು. ಒಂದು ದಿನ ಬೇಡವೆಂದರೆ ಇನ್ನೊಂದು ದಿನ ಇನ್ನೊಂದು ರೂಪದಲ್ಲಿ ಮುಂದಿಡಬೇಕು. ಮನೆಯ ತಿಂಡಿಯ ಜಾಣತನ ಇಲ್ಲಿ ಬೇಕು.

ಆ ಜಾಣತನಕ್ಕೆ ನಮ್ಮವರು ಹೊರಗೆ ಕೈಚಾಚಬೇಕಾಗಿಲ್ಲ. ಮಾಗಿದ ಬಾಳೆಹಣ್ಣಿಗೆ ತೆಂಗಿನಹಾಲು, ಏಲಕ್ಕಿ ಬಿದ್ದರೆ ರಸಾಯನ. ಹಣ್ಣು ಕಳಿತಿದ್ದರೆ ಬೆಲ್ಲವೇ ಬೇಡ. ಅದೇ ಬಾಳೆಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ ರಾತ್ರಿ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಗಟ್ಟಿಯಾಗಿಸಿ, ಮರುದಿನ ಮಿಕ್ಸಿಯಲ್ಲಿ ತಿರುವಿದರೆ ಐಸ್ ಕ್ರೀಮಿನಂಥ ಪದಾರ್ಥ; ಸಕ್ಕರೆಯ ಒಂದು ಹರಳೂ ಇಲ್ಲ. ಬೀಜ ತೆಗೆದ ಖರ್ಜೂರಕ್ಕೆ ಹುರಿದ ಎಳ್ಳು, ಕಡಲೆಕಾಯಿ ಪುಡಿ ಸೇರಿಸಿ ಕುಟ್ಟಿದರೆ ವಾರವಿಡೀ ಡಬ್ಬಿಗೆ ಹಾಕಬಹುದಾದ ಉಂಡೆ. ಕರಾವಳಿಯ ಮಾಂಬಳ, ಉತ್ತರ ಕನ್ನಡದ ಸುಕೇಳಿ, ಹಲಸಿನ ಹಣ್ಣಿನ ಬೆರಟಿ ಇವೆಲ್ಲ ನಮ್ಮ ಹಿರಿಯರು ಹಣ್ಣಿನ ಕಾಲವನ್ನು ಮಳೆಗಾಲದವರೆಗೆ ಚಾಚಿದ ಬಗೆಗಳು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಹಣ್ಣಿನ ತಿರುಳನ್ನು ಒಣಗಿಸಿ ಪಟ್ಟಿ ಮಾಡುವ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದೆ. ಅಜ್ಜಿಯ ಮಾಂಬಳಕ್ಕೂ ಅದಕ್ಕೂ ಸೋದರಸಂಬಂಧವೇ.

ಮಾಂಬಳ ದಿಲ್ಲಿಯಲ್ಲಿ ಆದೀತೆ ಎಂದು ಕೇಳುವವರಿಗೆ ನಮ್ಮ ಉತ್ತರ: ಕರಾವಳಿಗಿಂತ ಇಲ್ಲಿ ಸುಲಭ. ಮೇ ತಿಂಗಳ ಲೂ ಗಾಳಿಯನ್ನು ಶಪಿಸುವ ನಾವು ಅದು ಎಷ್ಟು ಒಣಗಾಳಿ ಎಂಬುದನ್ನು ಮರೆಯುತ್ತೇವೆ. ಇಲ್ಲಿ ಸಫೇದಾ ಎಂದು ಕರೆಯುವ ಬಂಗನಪಲ್ಲಿ ಮಾವನ್ನು ಕಿವುಚಿ ಸೋಸಿ, ತಿರುಳನ್ನು ಸ್ವಲ್ಪ ಕುದಿಸಿ, ತುಪ್ಪ ಸವರಿದ ಸ್ಟೀಲ್ ತಟ್ಟೆಯಲ್ಲಿ ದೋಸೆಗಿಂತ ತೆಳ್ಳಗೆ ಹರಡಬೇಕು. ದೂಳು ಬೀಳದಂತೆ ತೆಳು ಬಟ್ಟೆ ಮುಚ್ಚಿ ಮಹಡಿಯ ಮೇಲೆ ಬಿಸಿಲಿಗಿಡಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಎರಡು ಮೂರು ದಿನದಲ್ಲಿ ಸುರುಳಿ ಸುತ್ತಬಹುದು. ಆಗಸ್ಟಿನ ತೇವದಲ್ಲಿ ಇದನ್ನು ಮಾಡಹೋದರೆ ಬೂಷ್ಟು ಹಿಡಿಯುತ್ತದೆ. ಮಕ್ಕಳಿಗೆ ಬೇಸಿಗೆ ರಜೆಯೂ ಆಗಲೇ. ತಟ್ಟೆ ಕಾಯುವ ಕೆಲಸ ಅವರಿಗೆ ಕೊಡಿ. ಕಾಯ್ದ ತಿಂಡಿಯನ್ನು ಬೇಡವೆನ್ನುವ ಮಗು ಇರಲಾರದು.

ಇಲ್ಲಿ ನಮ್ಮ ಪಕ್ಷದವರಿಗೂ ಒಂದು ಮಾತು ಹೇಳದೆ ವಿಧಿಯಿಲ್ಲ. "ಮನೆಯಲ್ಲಿ ಮಾಡಿದ್ದು" ಎಂಬ ಒಂದೇ ಬಿರುದಿನಿಂದ ಎಲ್ಲವೂ ಅಮೃತವಾಗುವುದಿಲ್ಲ. ಬೆಲ್ಲ, ಜೇನುತುಪ್ಪ ನಮ್ಮ ಸಂಸ್ಕೃತಿಯವೆಂದು ಕೈಬಿಟ್ಟು ಸುರಿಯುವವರನ್ನು ನಾವು ಕಂಡಿದ್ದೇವೆ. ಹೊಟ್ಟೆಯೊಳಗೆ ಹೋದ ಮೇಲೆ ಅವೂ ಸಕ್ಕರೆಯೇ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ಕೊಡಲೇಬಾರದು. ಅರ್ಧ ಸೇರು ಮಾವಿಗೆ ಪಾವು ಸಕ್ಕರೆ ಸುರಿದು ಸೀಕರಣೆ ಮಾಡಿ, ಡಬ್ಬಿಯನ್ನು ಬಯ್ಯುವವರ ಮಾತಿಗೆ ತೂಕವಿರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ದ್ರಾಕ್ಷಿ, ಇಡಿಯ ಕಡಲೆಕಾಯಿ, ಬೀಜವಿರುವ ನೇರಳೆ, ಎಳಚಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಬೀಜ ತೆಗೆದು ಕೊಡಬೇಕು. ಜೂನ್ ತಿಂಗಳ ಸೆಕೆಯಲ್ಲಿ ಹೆಚ್ಚಿದ ಹಣ್ಣು ಡಬ್ಬಿಯಲ್ಲಿ ಕೂತರೆ ಕೆಡುತ್ತದೆ. ಆಗ ಬಾಳೆ, ಆಲೂಬುಖಾರಾದಂಥ ಇಡೀ ಹಣ್ಣು ಕಳಿಸಿ, ಹೆಚ್ಚಿದ ಹಣ್ಣನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ದಿಲ್ಲಿ ಹಣ್ಣಿಗೆ ಬಡ ಊರಲ್ಲ ಎಂಬುದನ್ನೂ ನೆನಪಿಸಬೇಕು. ಚೈತ್ರದಲ್ಲಿ ಕೆಲವೇ ದಿನ ಕಾಣಿಸಿ ಮಾಯವಾಗುವ ಶಹತೂತ್, ಖರಬೂಜ, ಕಲ್ಲಂಗಡಿ, ಮೇ ತಿಂಗಳಲ್ಲಿ ಫಾಲ್ಸಾ, ಜೂನಿನಲ್ಲಿ ದಸೇರಿ, ಲಂಗಡಾ, ಮಳೆ ಬಂದ ಮೇಲೆ ಚೌಸಾ, ಜುಲೈಯಲ್ಲಿ ನವದೆಹಲಿಯ ರಾಜಬೀದಿಗಳ ಸಾಲುಮರಗಳಿಂದ ಉದುರುವ ನೇರಳೆ, ಚಳಿ ಕಾಲಿಡುತ್ತಲೂ ಸೀಬೆ, ಸೀತಾಫಲ, ನೆಲ್ಲಿ, ಡಿಸೆಂಬರಿನಿಂದ ಪಂಜಾಬಿನ ಕೀನೂ, ಶಿವರಾತ್ರಿಯ ಹೊತ್ತಿಗೆ ಬೇರ್. ಸೀಬೆಯಲ್ಲಿ ಕಿತ್ತಳೆಯ ಮೂರು ನಾಲ್ಕು ಪಟ್ಟು ಸಿ ಜೀವಸತ್ವವುಂಟು. ಅದನ್ನು ಬಿಲ್ಲೆ ಮಾಡಿ ಚಿಟಿಕೆ ಕರಿಯುಪ್ಪು, ಮೆಣಸಿನ ಪುಡಿ ಉದುರಿಸಿದರೆ ದಿಲ್ಲಿಯ ಚಾಟೂ ಆಯಿತು, ಊರಿನ ಶಾಲೆಯೆದುರಿನ ಅಜ್ಜಿಯ ಬುಟ್ಟಿಯ ರುಚಿಯೂ ಆಯಿತು.

ಕನ್ನಡ ಸಂಘದ ಪತ್ರಿಕೆಯಲ್ಲಿ ಹಣ್ಣಿನ ಪುರಾಣವೇಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. ನಮ್ಮ ಮಕ್ಕಳ ನಾಲಿಗೆಯ ಮೇಲೆ ಕನ್ನಡ ನಿಲ್ಲಬೇಕೆಂದು ಭಾನುವಾರದ ತರಗತಿ ನಡೆಸುತ್ತೇವೆ, ವರ್ಣಮಾಲೆ ಬರೆಸುತ್ತೇವೆ. ನುಡಿಗೂ ರುಚಿಗೂ ಇರುವುದು ಒಂದೇ ನಾಲಿಗೆ. "ನೇರಳೆ" ಎಂಬ ಪದವನ್ನು ಹಲಗೆಯ ಮೇಲೆ ಬರೆದರೆ ಮಗು ಓದೀತು; ನೇರಳೆ ತಿಂದು ನೀಲಿಯಾದ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಂಡ ಮಗು ಆ ಪದವನ್ನು ಮರೆಯದು. ಜಾಮೂನು ಎಂದರೆ ಪಾಕದಲ್ಲಿ ಮುಳುಗಿದ ಉಂಡೆ ಎಂದಷ್ಟೇ ತಿಳಿದ ಮಗುವಿಗೆ, ಆ ಸಿಹಿಗೆ ಹೆಸರು ಕೊಟ್ಟದ್ದು ನೇರಳೆಹಣ್ಣು ಎಂದು ಹೇಳುವವರು ಬೇಕು. ಮೈಸೂರಿನವರ ಸೀಬೆ, ಧಾರವಾಡದವರ ಪೇರಲ, ಮಂಗಳೂರಿನವರ ಪೇರಳೆ, ಗಾಡಿಯವನ ಅಮರೂದ್ ಎಲ್ಲವೂ ಒಂದೇ ಎಂದು ತಟ್ಟೆಯ ಮುಂದೆ ಕೂತು ಕಲಿಸಬಹುದು. ಇಲ್ಲಿನ ಶರಬತ್ತಿನ ಬೇಲ್ ನಮ್ಮ ಬಿಲ್ವ, ನಮ್ಮ ರಾಮನವಮಿಯ ಪಾನಕದ ಬೇಲ ಇಲ್ಲಿಯವರ ಕೈಥಾ ಎಂಬ ಸ್ವಾರಸ್ಯವನ್ನೂ ಹೇಳಬಹುದು. ಇಲ್ಲಿನ ಬೇರ್ ಹಣ್ಣಿನ ಪುಟ್ಟ ತಂಗಿಯೇ ಸಂಕ್ರಾಂತಿಯಲ್ಲಿ ಎಳೆಯ ಮಕ್ಕಳ ತಲೆಯ ಮೇಲೆ ಎರೆಯುವ ಎಳಚಿ. ಡಬ್ಬಿಯಿಂದ ಇಂಥ ಒಂದು ಮಾತೂ ಹುಟ್ಟುವುದಿಲ್ಲ. ಡಬ್ಬಿಗೆ ಊರಿಲ್ಲ, ಕಾಲವಿಲ್ಲ. ಮಾಘದಲ್ಲೂ ಅದೇ ಮಾವು, ಶ್ರಾವಣದಲ್ಲೂ ಅದೇ ಮಾವು.

ಬರಿಯ ಬಯ್ಗುಳದಿಂದ ಪ್ರಯೋಜನವಿಲ್ಲವಾದ್ದರಿಂದ ಕಾರ್ಯಕಾರಿ ಸಮಿತಿಗಳ ಮುಂದೆ ನಾವು ಮೂರು ಸಲಹೆಗಳನ್ನು ಇಡುತ್ತೇವೆ. ಒಂದು, ರಾಜಧಾನಿಯ ಯಾವ ಕನ್ನಡ ಕೂಟದ ಮಕ್ಕಳ ಕಾರ್ಯಕ್ರಮದಲ್ಲೂ ಸಿಹಿ ಪಾನೀಯದ ಡಬ್ಬಿ ಹಂಚಕೂಡದು. ಬಾಳೆಹಣ್ಣೋ ಕಿತ್ತಳೆಯೋ ಆ ಕಾಲದ ಒಂದು ಹಣ್ಣನ್ನು, ಕುಡಿಯಲು ನೀರು ಮಜ್ಜಿಗೆಯನ್ನು ಕೊಡತಕ್ಕದ್ದು. ಡಬ್ಬಿಯ ಕಂಪನಿ ಪ್ರಾಯೋಜಕನಾಗಿ ಬಂದರೂ ಈ ನಿಯಮ ಸಡಿಲಬಾರದು. ವೇದಿಕೆಯ ಹಿಂದಿನ ಬ್ಯಾನರಿಗಾಗಿ ಮಕ್ಕಳ ಹಲ್ಲನ್ನು ಒತ್ತೆಯಿಡುವುದು ಬೇಡ. ಎರಡು, ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಹಣ್ಣಿನ ತಿಂಡಿಯ ಒಂದು ದಿನ ಏರ್ಪಡಿಸಿ. ಕರಾವಳಿಯವರು ಮಾಂಬಳ ತೋರಿಸಲಿ, ಮೈಸೂರಿನವರು ರಸಾಯನ ತೋರಿಸಲಿ, ಹೆಚ್ಚುವುದು ಕಲಸುವುದು ಮಕ್ಕಳ ಮತ್ತು ತಂದೆಯರ ಪಾಲಿಗಿರಲಿ. ಮೂರು, ಭಾನುವಾರದ ಕನ್ನಡ ತರಗತಿಯಲ್ಲಿ ತಿಂಗಳಿಗೊಂದು ಹಣ್ಣಿನ ಹೆಸರು, ಅದರ ರುಚಿಯ ಸಮೇತ ಪಾಠವಾಗಲಿ.

ಇವುಗಳಿಗೆ ಸರಕಾರದ ಅನುದಾನ ಬೇಡ, ಹೊಸ ಕಟ್ಟಡ ಬೇಡ, ಉಪಸಮಿತಿ ಕೂಡ ಬೇಡ. ಒಂದು ಚಾಕು, ಒಂದು ತಟ್ಟೆ, ಕಾಲು ಗಂಟೆಯ ಸಹನೆ ಸಾಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೊದಲನೆಯ ಸಲಹೆಯನ್ನು ನಿರ್ಣಯದ ರೂಪದಲ್ಲಿ ನಾವು ಮಂಡಿಸಲಿದ್ದೇವೆ. ಒಪ್ಪುವವರು ಬಂದು ಕೈಯೆತ್ತಬೇಕು. ಒಪ್ಪದವರು ಬಂದು ವಾದಿಸಬೇಕು. ಬರುವಾಗ ಡಬ್ಬಿಯೊಂದನ್ನು ತಂದು, ಅದರ ಹಿಂಬದಿಯ ಅಕ್ಷರಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ತೋರಿಸಿ ಅನಂತರ ವಾದ ಆರಂಭಿಸಬೇಕೆಂದು ಅವರಲ್ಲಿ ನಮ್ಮ ವಿನಂತಿ.